ಬಾಂಬರ್ ವಿಮಾನದಿಂದ ರೋಗಿಯ ಹಾಸಿಗೆಯ ಬಳಿಗೆ: ಲೆನಾರ್ಡ್ ಚೆಷೈರ್

ಬೆಂಗಳೂರಿನ ಹಳೆಯ ಏರ್‌ಪೋರ್ಟ್ ರಸ್ತೆಯಲ್ಲಿ ಓಡಾಡುವವರಿಗೆ ಚೆಷೈರ್ ಹೋಮ್ ಎಂಬ ಹೆಸರು ಹೊಸದಲ್ಲ. ಅಂಗವಿಕಲರಿಗಾಗಿ ಇರುವ ಮನೆ ಅದು ಎಂದು ನಿಮಗೆ ಗೊತ್ತಿರಬಹುದು. ಕ್ರಿಸ್ಮಸ್ ಹತ್ತಿರ ಬಂದಾಗ ನಿಮ್ಮಲ್ಲಿ ಕೆಲವರು ಯುವಜನರ ತಂಡದೊಂದಿಗೆ ಕೇಕು ಹಿಡಿದುಕೊಂಡು ಇಂಥ ಮನೆಗಳಿಗೆ ಕ್ಯಾರಲ್ ಹಾಡಲು ಹೋಗಿರಲೂಬಹುದು. ಆದರೆ ಆ ಹೆಸರು ಯಾರದು ಎಂದು ಕೇಳಿದರೆ, ಯಾರೋ ಮಿಷನರಿಯದ್ದಿರಬೇಕು ಎನ್ನುವವರೇ ಹೆಚ್ಚು. ಅದು ಒಬ್ಬ ಬಾಂಬರ್ ಪೈಲಟ್ಟಿನ ಹೆಸರು. ಎರಡನೆಯ ಮಹಾಯುದ್ಧದಲ್ಲಿ ನೂರು ಸಲ ದಾಳಿಗೆ ಹೊರಟು, ನೂರು ಸಲವೂ ಜೀವಂತವಾಗಿ ಹಿಂದಿರುಗಿ, ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸನ್ನು ಪಡೆದ ಲೆನಾರ್ಡ್ ಚೆಷೈರ್ ಅವರದು.

ಇವರನ್ನು ಕುರಿತ ಒಂದು ಕಥೆಯನ್ನು ನೀವು ಎಲ್ಲಿಯಾದರೂ ಕೇಳಿರಬಹುದು. ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದುದನ್ನು ಕಣ್ಣಾರೆ ಕಂಡ ಈ ಪೈಲಟ್ ಪಶ್ಚಾತ್ತಾಪದಿಂದ ಬೆಂದು, ಯುದ್ಧವನ್ನು ತೊರೆದು, ಕಥೋಲಿಕರಾಗಿ ರೋಗಿಗಳ ಸೇವೆಗೆ ನಿಂತರು ಎಂಬ ಕಥೆ. ತಪಸ್ಸುಕಾಲದ ಪ್ರಬೋಧನೆಗೆ ಹೇಳಿ ಮಾಡಿಸಿದಂಥ ಕಥೆ ಇದು. ನಾನೂ ಒಂದು ವರ್ಷ ಪೀಠದಿಂದ ಹಾಗೆಯೇ ಹೇಳಿದ್ದೇನೆ. ಆಮೇಲೆ ಅವರ ಜೀವನವನ್ನು ಸರಿಯಾಗಿ ಓದಿದಾಗ ನಾನು ಹೇಳಿದ್ದು ತಪ್ಪು ಎಂದು ತಿಳಿಯಿತು. ನಡೆದದ್ದು ಅಷ್ಟು ದೊಡ್ಡ ಗುಡುಗುಸಿಡಿಲಿನ ಸಂಗತಿಯಲ್ಲ. ಅದನ್ನು ನಿಮ್ಮ ಮುಂದೆ ಇಡಬೇಕೆಂದೇ ಇಂದು ಬರೆಯುತ್ತಿದ್ದೇನೆ.

ಲೆನಾರ್ಡ್ ಹುಟ್ಟಿದ್ದು 1917ರ ಸೆಪ್ಟೆಂಬರ್ 7ರಂದು, ಇಂಗ್ಲೆಂಡಿನ ಚೆಸ್ಟರ್ ನಗರದಲ್ಲಿ. ತಂದೆ ಜೆಫ್ರಿ ಚೆಷೈರ್ ಆಕ್ಸ್‌ಫರ್ಡಿನಲ್ಲಿ ಕಾನೂನಿನ ಪ್ರಾಧ್ಯಾಪಕರು. ನಿಮ್ಮ ಮನೆಯಲ್ಲಿ ವಕೀಲರಿದ್ದರೆ ಕೇಳಿ ನೋಡಿ, ಕರಾರು ಕಾನೂನಿನ ಮೇಲೆ ಚೆಷೈರ್ ಮತ್ತು ಫಿಫೂಟ್ ಬರೆದ ಪುಸ್ತಕದ ಹೆಸರನ್ನು ಅವರು ಕೇಳಿರುತ್ತಾರೆ. ಆ ಚೆಷೈರ್ ಇವರೇ. ಮಗನೂ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನಲ್ಲಿ ಕಾನೂನು ಓದಿದ. ಓದಿನಲ್ಲಿ ಮಧ್ಯಮ, ಷೋಕಿಯಲ್ಲಿ ಮುಂದು. ವೇಗದ ಕಾರು, ಪಂದ್ಯ, ಸಾಲ, ಹೆಸರು ಗಳಿಸುವ ಆಸೆ. ಕಿಸೆಯಲ್ಲಿ ಪುಡಿಗಾಸಿಟ್ಟುಕೊಂಡೇ ಪ್ಯಾರಿಸ್ ತಲುಪುತ್ತೇನೆಂದು ಅರ್ಧ ಪೈಂಟ್ ಬಿಯರಿಗೆ ಪಂದ್ಯ ಕಟ್ಟಿ ಗೆದ್ದದ್ದೂ ಉಂಟು. ದೇವರ ವಿಚಾರ ಮಾತ್ರ ಅವರ ತಲೆಯಲ್ಲಿ ಇದ್ದಂತೆ ಕಾಣುವುದಿಲ್ಲ. ವಿಶ್ವವಿದ್ಯಾಲಯದ ವಾಯುದಳದಲ್ಲಿ ವಿಮಾನ ಹಾರಿಸಲು ಕಲಿತದ್ದೊಂದು ಮುಂದಿನ ದಾರಿಯಾಯಿತು. 1939ರಲ್ಲಿ ಯುದ್ಧ ಆರಂಭವಾದಾಗ ಅವರು ರಾಯಲ್ ಏರ್‌ಫೋರ್ಸಿನ ಅಧಿಕಾರಿ.

1940ರ ನವೆಂಬರ್‌ನ ಒಂದು ರಾತ್ರಿ ಅವರ ವಿಟ್ಲಿ ವಿಮಾನ ಜರ್ಮನಿಯ ಕಲೋನ್ ಪ್ರದೇಶದ ಮೇಲಿತ್ತು. ನೆಲದಿಂದ ಬಂದ ತೋಪಿನ ಗುಂಡು ತಗಲಿ, ವಿಮಾನದೊಳಗಿದ್ದ ಫ್ಲೇರ್ ಸಿಡಿಯಿತು. ವಿಮಾನದ ಪಕ್ಕೆಯೇ ಹರಿದುಹೋಯಿತು. ಒಳಗೆಲ್ಲ ಬೆಂಕಿ, ಹೊಗೆ. ವೈರ್‌ಲೆಸ್ ನೋಡಿಕೊಳ್ಳುತ್ತಿದ್ದ ಹುಡುಗ ಮುಖ ಕೈಯೆಲ್ಲ ಸುಟ್ಟುಕೊಂಡು ಸರಿಯಾಗಿ ಕಣ್ಣು ಕಾಣದಿದ್ದರೂ ತನ್ನ ಯಂತ್ರವನ್ನು ಬಿಡಲಿಲ್ಲ. ಸಂಗಾತಿಗಳು ಬೆಂಕಿ ಆರಿಸಿದರು. ಆ ಹರಕು ವಿಮಾನವನ್ನು ಚೆಷೈರ್ ಇಂಗ್ಲೆಂಡಿಗೆ ಮರಳಿ ತಂದರು. ಅದಕ್ಕಾಗಿ ಡಿ.ಎಸ್.ಓ. ಪದಕ ಬಂತು. ಮುಂದೆ ಅದೇ ಪದಕ ಇನ್ನೂ ಎರಡು ಸಲ ಬಂತು, ಡಿ.ಎಫ್.ಸಿ.ಯೂ ಬಂತು. 25ನೆಯ ವಯಸ್ಸಿನಲ್ಲಿ, 1943ರಲ್ಲಿ, ಅವರು ಆ ವಾಯುಪಡೆಯ ಅತ್ಯಂತ ಕಿರಿಯ ಗ್ರೂಪ್ ಕ್ಯಾಪ್ಟನ್.

ಈ ಪದಕಗಳ ಹಿಂದಿನ ಲೆಕ್ಕವನ್ನು ಮರೆಯಬಾರದು. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಹಾರಿದವರು ಸುಮಾರು 1,25,000 ಮಂದಿ. ಅವರಲ್ಲಿ ಸತ್ತವರು 55,573. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬ. ಕೆಳಗೆ ಜರ್ಮನಿಯ ಊರುಗಳಲ್ಲಿ ಸತ್ತ ಹೆಂಗಸರು ಮಕ್ಕಳ ಲೆಕ್ಕವೇ ಬೇರೆ, ಅದು ಲಕ್ಷಗಳಲ್ಲಿದೆ.

ಅಂಥ ಕಾಲದಲ್ಲಿ ಚೆಷೈರ್ ತಮ್ಮ ದಳದಲ್ಲಿ ಒಂದು ರೂಢಿ ಇಟ್ಟುಕೊಂಡಿದ್ದರು. ವಿಮಾನ ಒರೆಸುವ, ಎಣ್ಣೆ ಹಾಕುವ ಹುಡುಗನವರೆಗೆ ಪ್ರತಿಯೊಬ್ಬನ ಹೆಸರನ್ನು ಕಲಿಯುತ್ತಿದ್ದರು. ಹೊಸದಾಗಿ ಬಂದು ಹೆದರಿದ ತಂಡದೊಂದಿಗೆ ತಾವೇ ಹಾರುತ್ತಿದ್ದರು. ಗ್ರೂಪ್ ಕ್ಯಾಪ್ಟನ್ ಆದ ಮೇಲೆ ಕುರ್ಚಿಯ ಕೆಲಸ ಸಿಕ್ಕಿತಲ್ಲ, ಅದು ಒಗ್ಗಲಿಲ್ಲ. 1943ರ ನವೆಂಬರ್‌ನಲ್ಲಿ ತಾವಾಗಿಯೇ ಒಂದು ದರ್ಜೆ ಕೆಳಗಿಳಿದು, ಆಗಷ್ಟೇ ಜರ್ಮನಿಯ ಅಣೆಕಟ್ಟುಗಳನ್ನು ಒಡೆದು ಪ್ರಸಿದ್ಧವಾಗಿದ್ದ 617ನೇ ಸ್ಕ್ವಾಡ್ರನ್ನಿನ ನಾಯಕತ್ವ ವಹಿಸಿಕೊಂಡರು.

ಇಲ್ಲಿ ಒಂದು ರಾತ್ರಿಯ ಸಂಗತಿ ಹೇಳಲೇಬೇಕು. 1944ರ ಫೆಬ್ರವರಿ 8. ಫ್ರಾನ್ಸಿನ ಲಿಮೋಜ್ ಪಟ್ಟಣದಲ್ಲಿ ಜರ್ಮನರಿಗಾಗಿ ವಿಮಾನದ ಎಂಜಿನ್ ತಯಾರಿಸುವ ಕಾರ್ಖಾನೆಯಿತ್ತು. ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದವರು ಫ್ರೆಂಚ್ ಹೆಂಗಸರು, ನೂರಾರು ಮಂದಿ. ಚೆಷೈರ್ ತಮ್ಮ ಭಾರಿ ಲ್ಯಾಂಕಾಸ್ಟರ್ ವಿಮಾನವನ್ನು ಕಾರ್ಖಾನೆಯ ಮಾಡಿಗೆ ತಾಗುವಷ್ಟು ಕೆಳಗಿಳಿಸಿ ಒಂದು ಸುತ್ತು ಹಾರಿದರು. ಬಾಂಬು ಹಾಕಲಿಲ್ಲ. ಎರಡನೆಯ ಸುತ್ತು, ಮೂರನೆಯ ಸುತ್ತು. ಕೆಳಗಿದ್ದ ಹೆಂಗಸರಿಗೆ ಅರ್ಥವಾಗಿ ಹೊರಗೆ ಓಡಿದರು. ಆಮೇಲೆಯೇ ಗುರುತಿನ ಬೆಂಕಿ ಬಿತ್ತು, ಹಿಂದೆ ಬಂದ ವಿಮಾನಗಳು ಕಾರ್ಖಾನೆಯನ್ನು ಪುಡಿಮಾಡಿದವು. ಶತ್ರುವಿಗೆ ಮೂರು ಸಲ ಸೂಚನೆ ಕೊಟ್ಟು ದಾಳಿ ಮಾಡುವುದು ಯುದ್ಧದ ಲೆಕ್ಕದಲ್ಲಿ ಜಾಣತನವಲ್ಲ. ಸೆಮಿನರಿಯಲ್ಲಿ ನಾವು ನ್ಯಾಯಯುದ್ಧದ ತತ್ವವನ್ನು ಓದುವಾಗ, ಹೋರಾಡುವವರು ಮತ್ತು ನಿರಪರಾಧಿಗಳು ಎಂಬ ಭೇದವನ್ನು ಹಾಳೆಗಟ್ಟಲೆ ಬರೆದು ಪರೀಕ್ಷೆ ಪಾಸು ಮಾಡಿದೆವು. ಆ ಪಾಠಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆಯನ್ನು ಯಾರಾದರೂ ಆಗ ಕೊಟ್ಟಿದ್ದರೆ ಚೆನ್ನಾಗಿತ್ತು.

ಗುರಿಯನ್ನು ಎತ್ತರದಿಂದ ಅಂದಾಜು ಮಾಡಿ ಬಾಂಬು ಸುರಿಯುವ ಬದಲು, ಒಂದು ವಿಮಾನ ಕೆಳಗಿಳಿದು ಕರಾರುವಾಕ್ಕಾಗಿ ಗುರುತು ಹಾಕಬೇಕು ಎಂಬುದು ಅವರ ಹಟ. ಅದನ್ನು ತಾವೇ ಮಾಡಿ ತೋರಿಸಿದರು. 1944ರ ಏಪ್ರಿಲ್‌ನಲ್ಲಿ ಮ್ಯೂನಿಕ್ ಮೇಲೆ, ಸುತ್ತಲೂ ತೋಪುಗಳು ಸಿಡಿಯುತ್ತಿರುವಾಗ, ಸಣ್ಣ ಮೊಸ್ಕಿಟೊ ವಿಮಾನದಲ್ಲಿ ಸುಮಾರು 700 ಅಡಿ ಎತ್ತರದಲ್ಲಿ ಹಾರಿದರು. ಜೂನ್‌ನಲ್ಲಿ ಅಮೆರಿಕನ್ ಮಸ್ಟಾಂಗ್ ವಿಮಾನವೊಂದು ಕೈಗೆ ಬಂದಾಗ, ಅದರಲ್ಲಿ ಅವರ ಮೊಟ್ಟಮೊದಲ ಹಾರಾಟವೇ ದಾಳಿಯ ಹಾರಾಟ! ಜುಲೈನಲ್ಲಿ ನೂರನೆಯ ದಾಳಿ ಮುಗಿದಾಗ ಮೇಲಧಿಕಾರಿಗಳು ಬಲವಂತವಾಗಿ ನಿಲ್ಲಿಸಿದರು. ಸೆಪ್ಟೆಂಬರ್ 8ರಂದು, ನಾವು ಮಾತೆ ಮರಿಯಮ್ಮನವರ ಜನನೋತ್ಸವ ಆಚರಿಸುವ ದಿನ, ವಿಕ್ಟೋರಿಯಾ ಕ್ರಾಸ್ ಪ್ರಕಟವಾಯಿತು. ಸಾಮಾನ್ಯವಾಗಿ ಆ ಪದಕ ಒಂದು ಗಳಿಗೆಯ ಸಾಹಸಕ್ಕೆ ಸಿಗುವಂಥದು. ಇವರಿಗೆ ನಾಲ್ಕು ವರ್ಷಗಳ ಎಡೆಬಿಡದ ಧೈರ್ಯಕ್ಕಾಗಿ ಸಿಕ್ಕಿತು. ಅರಮನೆಯಲ್ಲಿ ಅದನ್ನು ಸ್ವೀಕರಿಸುವ ದಿನ ನಾರ್ಮನ್ ಜಾಕ್ಸನ್ ಎಂಬ ಕೆಳದರ್ಜೆಯವರೂ ಅದೇ ಪದಕಕ್ಕಾಗಿ ಬಂದಿದ್ದರು. ಹಾರುತ್ತಿದ್ದ ವಿಮಾನದ ರೆಕ್ಕೆಯ ಮೇಲೆ ತೆವಳಿ ಬೆಂಕಿ ನಂದಿಸಲು ಹೋದವರು ಅವರು. ಆತನೇ ನನಗಿಂತ ಹೆಚ್ಚು ಮಾಡಿದ್ದಾನೆ, ಮೊದಲು ಆತನಿಗೆ ಕೊಡಿ ಎಂದು ಚೆಷೈರ್ ರಾಜರ ಮುಂದೆ ಕೇಳಿಕೊಂಡರಂತೆ. ಅರಮನೆಯ ಪದ್ಧತಿ ಅದಕ್ಕೆ ಒಪ್ಪಲಿಲ್ಲ.

ಆಮೇಲೆ ಕೆಲಕಾಲ ಕಲ್ಕತ್ತೆಯ ಸೇನಾ ಕಚೇರಿ, ಅಲ್ಲಿಂದ ವಾಷಿಂಗ್ಟನ್. ಅಲ್ಲಿರುವಾಗಲೇ ಬ್ರಿಟನ್ನಿನ ಪರವಾಗಿ ಅಣುಬಾಂಬಿನ ದಾಳಿಯನ್ನು ನೋಡಿ ಬರಲು ಅವರನ್ನೂ ವಿಜ್ಞಾನಿ ವಿಲಿಯಂ ಪೆನ್ನಿ ಅವರನ್ನೂ ಆರಿಸಲಾಯಿತು. 1945ರ ಆಗಸ್ಟ್ 9. ಅವರಿದ್ದ ವಿಮಾನಕ್ಕೆ ಜೊತೆಯ ವಿಮಾನಗಳ ಸಂಪರ್ಕ ತಪ್ಪಿಹೋಗಿ, ಅವರು ಬಹಳ ದೂರದಿಂದ, ಬಹಳ ಎತ್ತರದಿಂದ ನಾಗಸಾಕಿಯ ಮೇಲೆದ್ದ ಮೋಡವನ್ನು ಕಂಡರು.

ಓದುಗರೇ, ಆ ಮೋಡದ ಕೆಳಗೆ ಏನಿತ್ತು ಎಂಬುದನ್ನು ನಾವು ತಿಳಿದಿರಬೇಕು. ಬಾಂಬು ಸಿಡಿದದ್ದು ಉರಕಾಮಿ ಎಂಬ ಕಣಿವೆಯ ಮೇಲೆ. ಇನ್ನೂರೈವತ್ತು ವರ್ಷ ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ, ತಾಯಿಯಿಂದ ಮಗುವಿಗೆ ಗುಟ್ಟಾಗಿ ಜಪಗಳನ್ನು ಕಲಿಸಿ ವಿಶ್ವಾಸ ಉಳಿಸಿಕೊಂಡ ಜಪಾನಿ ಕ್ರೈಸ್ತರ ವಂಶದವರು ಅಲ್ಲಿದ್ದರು. ಅವರೇ ಕಷ್ಟಪಟ್ಟು ಕಟ್ಟಿದ ದೊಡ್ಡ ದೇವಾಲಯ ಬಾಂಬು ಸಿಡಿದ ಸ್ಥಳದಿಂದ ಸುಮಾರು ಅರ್ಧ ಕಿಲೋಮೀಟರ್ ದೂರ. ಮಾತೆಯ ಸ್ವರ್ಗಸ್ವೀಕಾರದ ಹಬ್ಬ ಆರು ದಿನವಿತ್ತು. ಒಳಗೆ ಇಬ್ಬರು ಗುರುಗಳಲ್ಲಿ ಜನ ಪಾಪನಿವೇದನೆ ಮಾಡುತ್ತಿದ್ದರು. ಯಾರೂ ಉಳಿಯಲಿಲ್ಲ. ಉರಕಾಮಿಯ ಸುಮಾರು 12,000 ಕಥೋಲಿಕರಲ್ಲಿ 8,500ರಷ್ಟು ಮಂದಿ ಸತ್ತರೆಂದು ಲೆಕ್ಕ. ವಿಮಾನದ ಕಿಟಕಿಯಿಂದ ಇದು ಯಾವುದೂ ಕಾಣುವಂತಿರಲಿಲ್ಲ.

ಇದನ್ನು ಕಂಡು ಚೆಷೈರ್ ಪಶ್ಚಾತ್ತಾಪಪಟ್ಟರೆ? ಇಲ್ಲ. ನಾನು ಪೀಠದಿಂದ ಹೇಳಿದ ಕಥೆ ಮುರಿದುಬೀಳುವುದು ಇಲ್ಲಿಯೇ. ಆ ಬಾಂಬು ಯುದ್ಧವನ್ನು ನಿಲ್ಲಿಸಿತು, ಇಲ್ಲದಿದ್ದರೆ ಇನ್ನೂ ಎಷ್ಟೋ ಲಕ್ಷ ಜನ ಸಾಯುತ್ತಿದ್ದರು ಎಂಬ ಅಭಿಪ್ರಾಯವನ್ನು ಅವರು ಬಿಡಲಿಲ್ಲ. ಕಥೋಲಿಕರಾದ ಮೇಲೂ, ದಿನವೂ ಪ್ರಾರ್ಥಿಸುವವರಾದ ಮೇಲೂ ಬಿಡಲಿಲ್ಲ. ಇಡೀ ನಗರಗಳನ್ನು ಜನರೊಂದಿಗೆ ನಾಶಮಾಡುವ ಯುದ್ಧಕೃತ್ಯವು ದೇವರ ವಿರುದ್ಧವೂ ಮನುಷ್ಯನ ವಿರುದ್ಧವೂ ಅಪರಾಧವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಈ ವಿಷಯದಲ್ಲಿ ನಾನು ಮಹಾಸಭೆಯ ಪಕ್ಷ, ಚೆಷೈರ್ ಅವರ ಪಕ್ಷವಲ್ಲ. ಲಿಮೋಜಿನ ಹೆಂಗಸರಿಗಾಗಿ ಮೂರು ಸುತ್ತು ಹಾರಿದ ಮನುಷ್ಯನಿಗೆ ಉರಕಾಮಿಯ ಹೆಂಗಸರ ಲೆಕ್ಕ ಹೇಗೆ ಸರಿಹೋಯಿತು ಎಂಬುದು ನನಗೆ ಇಂದಿಗೂ ಬಿಡಿಸಲಾಗದ ಒಗಟು. ಆದರೆ ನಮಗೆ ಅನುಕೂಲವಾಗಲೆಂದು ಅವರ ಬಾಯಲ್ಲಿ ಅವರು ಆಡದ ಮಾತನ್ನು ಇಡುವುದು ನ್ಯಾಯವಲ್ಲ. ಇಂಥ ಯುದ್ಧ ಮತ್ತೆ ಬರಬಾರದು, ಬರದಂತೆ ಏನಾದರೂ ಮಾಡಬೇಕು ಎಂಬ ಯೋಚನೆಯನ್ನು ಅವರು ನಾಗಸಾಕಿಯಿಂದ ಹೊತ್ತು ತಂದರು. ಏನು ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ.

1946ರ ಆರಂಭದಲ್ಲಿ ವಾಯುಪಡೆಯನ್ನು ಬಿಟ್ಟರು. ಯುದ್ಧಕಾಲದಲ್ಲಿ ಅಮೆರಿಕದ ನಟಿಯೊಬ್ಬರೊಂದಿಗೆ ಆಗಿದ್ದ ಅವಸರದ ಮದುವೆ ಅಷ್ಟರಲ್ಲಿ ಹೆಸರಿಗೆ ಮಾತ್ರ ಉಳಿದಿತ್ತು. ಮುಂದೆ 1951ರಲ್ಲಿ ಅದು ಕಾನೂನಿನ ಪ್ರಕಾರವೂ ಮುಗಿಯಿತು. ಯುದ್ಧದಿಂದ ಹಿಂದಿರುಗಿದವರು ಒಟ್ಟಿಗೆ ದುಡಿದು ಒಟ್ಟಿಗೆ ಬದುಕುವ ಒಂದು ವಸಾಹತನ್ನು ಚೆಷೈರ್ ಆರಂಭಿಸಿದರು. ಅದಕ್ಕಾಗಿ ಹ್ಯಾಂಪ್‌ಷೈರಿನಲ್ಲಿ ಲೆ ಕೋರ್ಟ್ ಎಂಬ ಹಳೆಯ ಬಂಗಲೆಯನ್ನು ಚಿಕ್ಕಮ್ಮನಿಂದ ಕೊಂಡರು. ಉದ್ದೇಶ ಒಳ್ಳೆಯದು, ಆದರೆ ಜನರಲ್ಲಿ ಜಗಳ, ಲೆಕ್ಕದಲ್ಲಿ ಸಾಲ. ಅವರ ಆರೋಗ್ಯವೂ ಕೆಟ್ಟು ಕೆನಡಾಕ್ಕೆ ಹೋಗಿ ಸುಧಾರಿಸಿಕೊಳ್ಳಬೇಕಾಯಿತು. ಮರಳಿ ಬರುವಷ್ಟರಲ್ಲಿ ವಸಾಹತು ಕುಸಿದಿತ್ತು. 1948ರಲ್ಲಿ 30 ವರ್ಷದ ಈ ವೀರನ ಬಳಿ ಇದ್ದದ್ದು ಖಾಲಿ ಬಂಗಲೆ, ಸಾಲ, ಪೆಟ್ಟಿಗೆ ತುಂಬ ಪದಕ.

ಆಗ ಆಸ್ಪತ್ರೆಯೊಂದರಿಂದ ಫೋನು ಬಂತು. ವಸಾಹತಿನಲ್ಲಿ ಹಂದಿ ಸಾಕಣೆ ನೋಡಿಕೊಳ್ಳುತ್ತಿದ್ದ ಆರ್ಥರ್ ಡೈಕ್ಸ್ ಕ್ಯಾನ್ಸರಿನಿಂದ ಸಾಯುತ್ತಿದ್ದಾನೆ; ಇಲ್ಲಿ ಮಾಡುವಂಥದ್ದು ಏನೂ ಉಳಿದಿಲ್ಲ; ಆತನಿಗೆ ಹೋಗಲು ಮನೆಯಿಲ್ಲ, ಏನಾದರೂ ವ್ಯವಸ್ಥೆಯಾದೀತೆ? ಚೆಷೈರ್ ನೋಡಲು ಹೋದರು. ಆರ್ಥರ್‌ಗೆ ತನ್ನ ರೋಗ ಏನೆಂದು ಯಾರೂ ಹೇಳಿರಲಿಲ್ಲ. ಗುಣವಾಗುವವರೆಗೆ ಒಂದು ಕ್ಯಾರವಾನ್ ನಿಲ್ಲಿಸಿಕೊಂಡು ಇರಲು ತುಸು ಜಾಗ ಕೊಟ್ಟರೆ ಸಾಕು ಎಂದು ಆತ ಬೇಡಿಕೊಂಡ. ನಿಜವನ್ನು ಹೇಳುವ ಕೆಲಸ ಚೆಷೈರ್ ಅವರ ಪಾಲಿಗೆ ಬಂತು. ಹೇಳಿದರು. ಬೇರೆ ಯಾವ ಸಂಸ್ಥೆಯೂ ಆತನನ್ನು ಸೇರಿಸಿಕೊಳ್ಳದಿದ್ದಾಗ ಲೆ ಕೋರ್ಟ್‌ಗೇ ಕರೆತಂದರು.

ಮನೆಯಲ್ಲಿ ನರ್ಸು ಇಲ್ಲ, ಆಳು ಇಲ್ಲ. ನೂರು ಸಲ ಶತ್ರುಗಳ ಗುಂಡಿಗೆ ಎದುರಾಗಿ ಹಾರಿದ ಕೈಗಳು ಬೆಡ್‌ಪ್ಯಾನ್ ಹಿಡಿಯಲು, ಹಾಸಿಗೆ ಬಟ್ಟೆ ಒಗೆಯಲು, ನೋಯುವ ದೇಹವನ್ನು ನೋಯದಂತೆ ಹೊರಳಿಸಲು ಕಲಿಯಬೇಕಾಯಿತು. ರಾತ್ರಿ ಆರ್ಥರ್ ಕರೆದರೆ ಎಚ್ಚರವಾಗಲೆಂದು ಹತ್ತಿರದಲ್ಲೇ ಮಲಗುತ್ತಿದ್ದರು. ನಿಮ್ಮಲ್ಲಿ ಮನೆಯ ಹಿರಿಯರನ್ನು ತಿಂಗಳುಗಟ್ಟಲೆ ಹಾಸಿಗೆಯಲ್ಲಿ ನೋಡಿಕೊಂಡವರಿಗೆ ಈ ಕೆಲಸ ಏನೆಂದು ನಾನು ವಿವರಿಸಬೇಕಾಗಿಲ್ಲ. ನಾವು ಗುರುಗಳು ಪರಮಪ್ರಸಾದ ತಂದು ಹತ್ತು ನಿಮಿಷ ಇದ್ದು ಹೊರಡುತ್ತೇವೆ. ಉಳಿದ ಇಪ್ಪತ್ತಮೂರು ಗಂಟೆ ಐವತ್ತು ನಿಮಿಷ ನಿಮ್ಮದು.

ಆರ್ಥರ್ ಹುಟ್ಟಾ ಕಥೋಲಿಕ, ಆದರೆ ದೇವಾಲಯವನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಸಾವಿನ ಹತ್ತಿರ ಮತ್ತೆ ಮರಳಿದ, ಸಂಸ್ಕಾರಗಳನ್ನು ಸ್ವೀಕರಿಸಿದ. ಅದರಿಂದ ಆತನಲ್ಲಿ ಬಂದ ನೆಮ್ಮದಿಯನ್ನು ಚೆಷೈರ್ ಹತ್ತಿರದಿಂದ ನೋಡಿದರು. ಅವರು ಆತನಿಗೆ ಧರ್ಮೋಪದೇಶ ಮಾಡಿದ್ದಲ್ಲ; ಸಾಯುತ್ತಿದ್ದವನೇ ಇವರಿಗೆ ಗುರುವಾದ. ಆ ಆಗಸ್ಟ್ ತಿಂಗಳ ಒಂದು ರಾತ್ರಿ ಆರ್ಥರ್ ತೀರಿಕೊಂಡ. ದೇಹವನ್ನು ತೊಳೆದು ಸಿದ್ಧಪಡಿಸಿ, ಪಕ್ಕದಲ್ಲಿ ಕುಳಿತು, ಅಲ್ಲಿದ್ದ ಒಂದು ಪುಸ್ತಕವನ್ನು ಚೆಷೈರ್ ಕೈಗೆತ್ತಿಕೊಂಡರು. ಆಂಗ್ಲಿಕನ್ ಪಾದ್ರಿಯಾಗಿದ್ದು ಕಥೋಲಿಕರಾದ ವರ್ನನ್ ಜಾನ್ಸನ್ ತಮ್ಮ ಪರಿವರ್ತನೆಯ ಕಥೆ ಹೇಳಿರುವ ಪುಸ್ತಕ. ಅದೇ ವರ್ಷದ ಕ್ರಿಸ್ಮಸ್ ಜಾಗರಣೆಯ ದಿನ ಪೀಟರ್ಸ್‌ಫೀಲ್ಡ್ ಎಂಬ ಸಣ್ಣ ಊರಿನ ದೇವಾಲಯದಲ್ಲಿ ಫಾದರ್ ಹೆನ್ರಿ ಕ್ಲಾರ್ಕ್ ಅವರನ್ನು ಕಥೋಲಿಕ ಧರ್ಮಸಭೆಗೆ ಸೇರಿಸಿಕೊಂಡರು.

ಆರ್ಥರ್ ಬದುಕಿರುವಾಗಲೇ ತೊಂಬತ್ತು ದಾಟಿದ, ಹಾಸಿಗೆ ಹಿಡಿದ ಅಜ್ಜಿಯೊಬ್ಬರು ಬಂದಿದ್ದರು. ಅವರ ಹಿಂದೆ ಮತ್ತೊಬ್ಬರು, ಮಗದೊಬ್ಬರು. ಯಾರೂ ಯೋಜನೆ ಹಾಕಿರಲಿಲ್ಲ, ಇಲ್ಲವೆನ್ನಲು ಮನಸ್ಸಾಗದೆ ಮನೆ ತುಂಬಿತು. ಸೇವೆಗೆ ಊರಿನವರು ಬಂದರು. 1951ರಲ್ಲಿ ಕಾರ್ನ್‌ವಾಲಿನಲ್ಲಿ, ಹಳೆಯ ವಿಮಾನ ನೆಲೆಯೊಂದರ ಪಾಳುಬಿದ್ದ ಕಟ್ಟಡದಲ್ಲಿ ಎರಡನೆಯ ಮನೆ ಎದ್ದಿತು. ಅದಕ್ಕೆ ಸಂತ ತೆರೇಸಮ್ಮನವರ ಹೆಸರು. ಮರುವರ್ಷ ಚೆಷೈರ್ ಅವರಿಗೇ ಕ್ಷಯ. ಎರಡು ವರ್ಷಕ್ಕೂ ಹೆಚ್ಚು ಕಾಲ ಸ್ಯಾನಟೋರಿಯಂನಲ್ಲಿ, ಒಂದರ ಹಿಂದೆ ಒಂದು ಶಸ್ತ್ರಚಿಕಿತ್ಸೆ. ಹಾಸಿಗೆಯಿಂದಲೇ ಪತ್ರ ಬರೆಯುತ್ತಾ ಮನೆಗಳನ್ನು ಬೆಳೆಸಿದರು.

1955ರಲ್ಲಿ ಭಾರತಕ್ಕೆ ಬಂದರು. ಬೊಂಬಾಯಿಯ ಅಂಧೇರಿಯಲ್ಲಿ ನಮ್ಮ ದೇಶದ ಮೊದಲ ಚೆಷೈರ್ ಹೋಮ್ ಆರಂಭವಾಯಿತು, ಅದಕ್ಕೆ ಬೆತ್ಲೆಹೇಮ್ ಎಂದು ಹೆಸರಿಟ್ಟರು. ಆಮೇಲೆ ಡೆಹ್ರಾಡೂನ್, ಇನ್ನೂ ಹಲವು ಊರುಗಳು, ನಮ್ಮ ಬೆಂಗಳೂರು. ಜಾತಿ ಮತ ಕೇಳುವಂತಿಲ್ಲ ಎಂಬುದು ಮೊದಲಿನಿಂದಲೂ ನಿಯಮ. ಪ್ರತಿ ಊರಿನ ಮನೆಯನ್ನು ಆ ಊರಿನವರ ಸಮಿತಿಯೇ ನಡೆಸಬೇಕು ಎಂಬುದೂ ಅವರದೇ ಪದ್ಧತಿ. 1959ರ ಏಪ್ರಿಲ್ 5ರಂದು ಬೊಂಬಾಯಿಯಲ್ಲಿಯೇ ಅವರ ಮದುವೆ ಸ್ಯೂ ರೈಡರ್ ಅವರೊಂದಿಗೆ ನಡೆಯಿತು. ಪೋಲೆಂಡಿನ ಯುದ್ಧಸಂತ್ರಸ್ತರಿಗಾಗಿ, ನಾಜಿ ಶಿಬಿರಗಳಿಂದ ಬದುಕಿಬಂದವರಿಗಾಗಿ ದುಡಿಯುತ್ತಿದ್ದ ಧೀರ ಮಹಿಳೆ ಅವರು. ಅದೇ ವರ್ಷ ಇಬ್ಬರೂ ಸೇರಿ ಡೆಹ್ರಾಡೂನಿನಲ್ಲಿ ರಾಫೆಲ್ ಎಂಬ ಕೇಂದ್ರವನ್ನು ತೆರೆದರು. ಕುಷ್ಠರೋಗಿಗಳಿಗೆ, ಬುದ್ಧಿಮಾಂದ್ಯ ಮಕ್ಕಳಿಗೆ ಅಲ್ಲಿ ಜಾಗ ಸಿಕ್ಕಿತು. ದಂಪತಿಗೆ ಒಬ್ಬ ಮಗ, ಒಬ್ಬಳು ಮಗಳು.

ಎಲ್ಲವೂ ಹೂವಿನ ಹಾದಿಯಾಗಿತ್ತು ಎಂದರೆ ಮತ್ತೆ ಸುಳ್ಳು ಹೇಳಿದಂತಾಗುತ್ತದೆ. 1960ರ ದಶಕದಲ್ಲಿ ಲೆ ಕೋರ್ಟ್‌ನ ನಿವಾಸಿಗಳೇ ತಿರುಗಿಬಿದ್ದರು. ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂಬುದನ್ನು ಆಡಳಿತದವರು ಏಕೆ ನಿರ್ಧರಿಸಬೇಕು ಎಂಬುದು ಅವರ ಪ್ರಶ್ನೆ. ಅವರಲ್ಲಿ ಪಾಲ್ ಹಂಟ್ ಎಂಬುವರು 1966ರಲ್ಲಿ ಸ್ಟಿಗ್ಮಾ ಎಂಬ ಪುಸ್ತಕವನ್ನು ಸಂಪಾದಿಸಿದರು. ನಮಗೆ ಬೇಕಾದುದು ಕನಿಕರವಲ್ಲ, ನಮ್ಮ ಬದುಕಿನ ಮೇಲೆ ನಮ್ಮದೇ ಅಧಿಕಾರ ಎಂಬ ಅವರ ವಾದ ಬ್ರಿಟನ್ನಿನ ಅಂಗವಿಕಲರ ಹಕ್ಕುಗಳ ಹೋರಾಟಕ್ಕೆ ಬುನಾದಿಯಾಯಿತು. ಕ್ರಿಸ್ಮಸ್ ಕೇಕು ಹಿಡಿದು ಹೋಗುವ ನಮಗೂ ಈ ಮಾತು ತುಸು ಚುಚ್ಚಬೇಕು.

ಗೌರವಗಳು ಬರುತ್ತಲೇ ಇದ್ದವು. 1981ರಲ್ಲಿ ಆರ್ಡರ್ ಆಫ್ ಮೆರಿಟ್, 1991ರಲ್ಲಿ ಲಾರ್ಡ್ ಪದವಿ. ಅಷ್ಟರಲ್ಲಿ ಸುಮಾರು 50 ದೇಶಗಳಲ್ಲಿ 250ಕ್ಕೂ ಹೆಚ್ಚು ಮನೆಗಳಿದ್ದವು. 1990ರ ಜುಲೈನಲ್ಲಿ, ಗೋಡೆ ಬಿದ್ದ ಬರ್ಲಿನ್ನಿನಲ್ಲಿ, ವಿಪತ್ತು ಪರಿಹಾರ ನಿಧಿಗಾಗಿ ನಡೆದ ಭಾರಿ ರಾಕ್ ಸಂಗೀತ ಕಾರ್ಯಕ್ರಮವನ್ನು 72 ವರ್ಷದ ಚೆಷೈರ್ ಯುದ್ಧಕಾಲದ ಸೀಟಿಯೊಂದನ್ನು ಊದಿ ಆರಂಭಿಸಿದರು. ಒಮ್ಮೆ ಬಾಂಬು ಹೊತ್ತು ಹೋದ ದೇಶದ ರಾಜಧಾನಿಯಲ್ಲಿ!

ಅನತಿಕಾಲದಲ್ಲೇ ಅವರಿಗೆ ಮೋಟಾರ್ ನ್ಯೂರಾನ್ ರೋಗ ತಗಲಿತು. ಮನಸ್ಸು ಚುರುಕಾಗಿದ್ದಂತೆಯೇ ನರಗಳು ಸೋಲುವ, ಸ್ನಾಯುಗಳು ಒಂದೊಂದಾಗಿ ಕೈಕೊಡುವ ಕಾಯಿಲೆ ಅದು. ಇಂದಿಗೂ ಅದನ್ನು ಗುಣಪಡಿಸುವ ಔಷಧಿಯಿಲ್ಲ. ಅವರ ಮನೆಗಳಲ್ಲಿ ಅದೇ ರೋಗದವರು ಎಷ್ಟೋ ಮಂದಿ ಇದ್ದರು. ಈಗ ಅವರೂ ಗಾಲಿಕುರ್ಚಿಗೆ ಬಂದರು. ಆರ್ಥರ್‌ನನ್ನು ಹೊರಳಿಸಲು ಕಲಿತಿದ್ದವರನ್ನು ಇತರರು ಎತ್ತಿ ಕೂರಿಸಬೇಕಾಯಿತು. ಸಫೊಕ್ ಪ್ರಾಂತ್ಯದ ಕ್ಯಾವೆಂಡಿಶ್ ಎಂಬ ಹಳ್ಳಿಯಲ್ಲಿ, ಸ್ಯೂ ರೈಡರ್ ಅವರ ಸೇವಾಕಾರ್ಯದ ನೆಲೆಯಾಗಿದ್ದ ಊರಿನಲ್ಲಿ, 1992ರ ಜುಲೈ 31ರಂದು ಅವರು ತೀರಿಕೊಂಡರು. ಅಂದು ಕಾಲಿಗೆ ಗುಂಡು ಬಿದ್ದು ಹಾಸಿಗೆ ಹಿಡಿದಾಗ ಪುಸ್ತಕ ಓದಿ ದೇವರ ಕಡೆ ತಿರುಗಿದ ಸೈನಿಕ, ಸಂತ ಲೊಯೋಲದ ಇಗ್ನೇಷಿಯಸರ ಹಬ್ಬ. ಅದೇ ಹಳ್ಳಿಯ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದರು. 2000ದಲ್ಲಿ ಸ್ಯೂ ರೈಡರ್ ತೀರಿಕೊಂಡರು.